ಸಾಹುಕಾರರ ಗಾಡಿಯ ಢಂ

ನಾನು ಹೊಸಪೇಟೆಯಲ್ಲಿ ಮೆಕ್ಯಾನಿಕ್ ಆಗಿದ್ದಾಗ ಕಂಪ್ಲಿಯ ಸಾಹುಕಾರರೊಬ್ಬರು ಮೋಟಾರ್‌ಸೈಕಲ್ ತಂದರು. ಇಂಜಿನ್ ಚೆನ್ನಾಗಿ ಉಸಿರಾಡಲಿ ಎಂದು ಏರ್ ಫಿಲ್ಟರನ್ನೇ ಕಿತ್ತುಹಾಕಿದ್ದರು. ಗಾಳಿ ಹೆಚ್ಚಾಗಿ, ಪೆಟ್ರೋಲ್ ಸಾಲದೆ, ವೇಗ ಇಳಿಸಿದಾಗಲೆಲ್ಲ ಗಾಡಿ ಮದ್ದು ಹಾರಿದಂತೆ ‘ಢಂ’ ಎನ್ನುತ್ತಿತ್ತು. ಫಿಲ್ಟರ್ ಹಾಕಿಸಲು ಅವರು ಒಪ್ಪಲಿಲ್ಲ. ಹೆಚ್ಚು ಪೆಟ್ರೋಲ್ ಹಾಯಲೆಂದು ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ ಕೂರಿಸಿ ಟ್ಯೂನ್ ಮಾಡಿದೆ. ಢಂ ನಿಂತಿತು.

ಸ್ವಲ್ಪ ದಿನಕ್ಕೇ ಮುಖ ಊದಿಸಿಕೊಂಡು ಬಂದರು.

“ಹಳೇ ಜೆಟ್ಟೇ ಹಾಕ್ರಿ.”

“ಯಾಕ್ರಿ ಸಾವ್ಕಾರ್ರ, ಗಾಡಿ ಮಸ್ತ್ ಓಡ್ತೈತಲ್ರಿ?”

“ಗಾಡಿ ಓಡ್ತೈತಿ, ಕೆಲಸ ಓಡವಲ್ದು. ಮೊದ್ಲು ಗದ್ದಿಗೆ ಯಾವಾಗ ಹೋದ್ರೂ ಕೂಲಿಯೋರು ಬಗ್ಗಿ ಕಳೆ ತಗೀತಿದ್ರು. ಈಗ ಹೋದಾಗೆಲ್ಲ ನೆಳ್ಳಾಗ ಮಲಗಿರ್ತಾರ. ನೀವು ರಿಪೇರಿ ಮಾಡಿದ ಗಳಿಗೀನೇ ಸರಿ ಇಲ್ಲ.”

ಗದ್ದೆಗೆ ಮುಂಚೆ ಸಿಗುವ ಕಾಲುವೆಯ ಸೇತುವೆ ಬಳಿ ಅವರು ವೇಗ ಇಳಿಸಿದಾಗಿನ ಢಂ ಕೇಳಿದೊಡನೆ ಮಲಗಿದ್ದ ಕೂಲಿಯವರು ಎದ್ದು ಗದ್ದೆಗಿಳಿಯುತ್ತಿದ್ದರೆಂದು ನನಗೆ ಹೊಳೆಯಿತು. ಸಾಹುಕಾರರಿಗೆ ಹೊಳೆದಿರಲಿಲ್ಲ.

“ಹಳೇದು ಹಾಕಿದ್ರ ಪಿಸ್ಟನ್ ಸುಡತೈತ್ರಿ,” ಎಂದೆ.

“ಸುಡ್ಲಿ ಬಿಡ್ರಿ.”

ಹಳೆಯ ಜೆಟ್ ಹಾಕಿಕೊಟ್ಟೆ. ಮುಂದೆ ಕಂಪ್ಲಿಗೆ ಹೋದಾಗ ಅವರೇ ಕರೆದು ಚಹಾ ಕುಡಿಸಿ, ತಮ್ಮ ಆಳುಗಳ ನಿಯತ್ತನ್ನು ಹೊಗಳಿದರು. ಇಂಜಿನ್ ಕೆಡಿಸಿದ ಪಾಪ ನನಗಿರಲಿ, ದುಡಿಯುವವರ ಮಧ್ಯಾಹ್ನದ ನಿದ್ದೆ ಕೆಡಿಸುವಷ್ಟು ಕೆಟ್ಟ ಮೆಕ್ಯಾನಿಕ್ ನಾನಲ್ಲ.