ಗೋಡೆಯಾಚೆಯ ಕೆಮ್ಮು

ಕೆಮ್ಮು ಕೇಳಿಯೇ ಬಂದವರಾರೆಂದು ಹೇಳಬಲ್ಲೆನೆಂಬ ಜಂಬ ನನಗೆ ಬಹುಕಾಲದಿಂದ ಇತ್ತು. ರಾಯದುರ್ಗದ ಕೋಟೆಗುಡ್ಡದ ಬುಡದಲ್ಲಿ ನಾನು ಬಾಡಿಗೆಗೆ ಹಿಡಿದ ಮಹಡಿಮನೆ ಅದನ್ನು ಇಳಿಸಿತು.

ನನ್ನ ವರಾಂಡದ ಕೆಳಗೇ ಒಂದು ಪುಟ್ಟ ಮದರಸಾ. ಬೆಳಗಿನ ನಮಾಜಿನ ನಂತರ ಮಕ್ಕಳು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಗುರುಮುಖದಿಂದ ಕಿವಿಗೆ ಬಿದ್ದ ಕುರಾನನ್ನು ಬಿದ್ದ ಹಾಗೆಯೇ ಒಪ್ಪಿಸುತ್ತಾರೆ. ಜೀವಮಾನವಿಡೀ ವ್ಯಾಕರಣ ಬೋಧಿಸಿದ ನನ್ನಿಂದ ಶಿಷ್ಯರು ಕಲಿತದ್ದು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸುವುದನ್ನು ಮಾತ್ರವಾದ್ದರಿಂದ, ಆ ಏಕಾಗ್ರತೆ ಕಂಡು ನನಗೆ ಹೊಟ್ಟೆಯುರಿಯುತ್ತಿತ್ತು.

ಅಲ್ಲಿನ ವೃದ್ಧ ಗುರು ಹಜರತ್ತರಿಗೆ ಒಂದು ದೀರ್ಘವಾಕ್ಯದ ನಡುವೆ ಪ್ರತಿ ಸಲವೂ ಉಸಿರು ಸಾಲದೆ ಕೆಮ್ಮು ಬರುತ್ತಿತ್ತು: ಎರಡು ಗಿಡ್ಡ, ಒಂದು ಉದ್ದ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಅವರ ಮಗಳು ಮೆಹರುನ್ನೀಸಾ ಮಿಷಿನ್ನು ನಿಲ್ಲಿಸಿ, ನಡುಗೋಡೆಯ ಮೇಲೆ ನೀರಿನ ಲೋಟ ಇಡುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಹಜರತ್ತರು ತೀರಿಕೊಂಡರು. ಮದರಸಾ ಮತ್ತೆ ತೆರೆದ ಬೆಳಗ್ಗೆ, ಹೊಸ ಗುರು ಬರುವ ಮೊದಲೇ, ಅದೇ ವಾಕ್ಯದ ನಡುವೆ ಅದೇ ಕೆಮ್ಮು ಕೇಳಿತು. ನಾನು ಕಾಫಿ ಕೆಳಗಿಟ್ಟೆ. ಇಣುಕಿದರೆ, ಎಳೆಗಂಟಲುಗಳೆಲ್ಲ ಒಟ್ಟಿಗೆ ಮುದುಕರಾಗಿ ಕೆಮ್ಮಿ, ಒಂದು ಪದ ಹಿಂದೆ ಸರಿದು ಮುಂದುವರಿದಿದ್ದವು. ಯಾರೂ ನಗಲಿಲ್ಲ. ಮಕ್ಕಳಿಗೆ ಅದೂ ಪಾಠವೇ ಆಗಿತ್ತು. ಗೋಡೆಯ ಮೇಲೆ ಲೋಟ ಬಂದು ಕೂತಿತು.

"ನಮ್ಮ ಅಬ್ಬಾ ಇನ್ನೂ ಒಳಗ ಅದಾರ್ರಿ ಸರ್," ಎಂದಳು ಮೆಹರುನ್ನೀಸಾ. ನನಗೆ ನಿಜಕ್ಕೂ ಭಯವಾಯಿತು.

ಬಂದ ಹೊಸ ಹಜರತ್ತು ಬಾಲ್ಯದಲ್ಲಿ ಆ ವೃದ್ಧರದೇ ಶಿಷ್ಯ. ದೂರದೂರಿನಲ್ಲಿ ಓದಿ ಪಳಗಿದವನು. ನಡುವೆ ನಿಂತರೆ ಅರ್ಥ ಕೆಡುತ್ತದೆಂದು ಕೆಮ್ಮನ್ನು ಬಿಡಿಸತೊಡಗಿದ. "ಅದೊಂದು ಇರ್ಲಿ ಅಂತ ಹೇಳ್ರಿ ಸರ್," ಎಂದು ಅವಳು ಕಣ್ಣೊರೆಸಿಕೊಂಡಳು. ನಾನು ಹೇಳಿದೆ.

"ಸಣ್ಣಂದಿನಾಗ ತಪ್ಪು ಕಲಿತ್ರ ಸಾಯೋತನಕ ಹೋಗಂಗಿಲ್ರಿ ಸರ್," ಎಂದ ಅವನು, ನೊಂದುಕೊಂಡೇ.

ಕೆಮ್ಮು ಹೋಯಿತು. ಲೋಟವೂ ನಿಂತಿತು. ಮಿಷಿನ್ನು ಈಗ ಎಲ್ಲಿಯೂ ತಡೆಯದೆ ಓಡುತ್ತಿತ್ತು. ಕೇಳಲು ನನಗೇ ಸಂಕಟ.

ಮೊನ್ನೆ ಒಬ್ಬ ಪುಟ್ಟಿ ಮಾತ್ರ ಹಳೆಯ ಜಾಗದಲ್ಲೇ ತಡೆದಳು. ತಿದ್ದಲೆಂದು ಹಜರತ್ತು ಕಣ್ಣುಮುಚ್ಚಿ, ತೂಗುತ್ತ, ತಾನೇ ಒಪ್ಪಿಸಿದ. ನಡುವೆ ಬಂತು: ಎರಡು ಗಿಡ್ಡ, ಒಂದು ಉದ್ದ. ಬೆಚ್ಚಿ ಕಣ್ಣು ತೆರೆದವನು ಮೊದಲು ತಿರುಗಿ ನೋಡಿದ್ದು ತನ್ನ ಬೆನ್ನ ಹಿಂದೆ. ಪಕ್ಕದಲ್ಲಿ ಮಿಷಿನ್ನು ನಿಂತಿತು.

ಕೆಮ್ಮು ಯಾರದೆಂದು ಗುರುತಿಸುವ ಗೋಜಿಗೆ ನಾನೀಗ ಹೋಗುವುದಿಲ್ಲ. ಆಗಲೂ ಹೋಗಲಿಲ್ಲ, ಗೋಡೆಯ ಕಡೆಗಷ್ಟೇ ನೋಡಿದೆ. ಲೋಟ ಬಂದಿತ್ತು, ಅವನು ಕುಡಿದ.