ಕುವೈತಿನಿಂದ ನಾಲ್ಕು ತಾಸು

ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಶಿವಗಂಗವ್ವನ ಬಾಯಿಗೆ ಹೆದರದವರೇ ಇರಲಿಲ್ಲ. ಎಂಬತ್ತೊಂದನೇ ಇಸವಿಯಲ್ಲಿ ಗಂಡ ಶೇಖಪ್ಪ ಸತ್ತಾಗಲೂ ಆ ಬಾಯಿ ಸೋಲಲಿಲ್ಲ. ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಮುಂದೆ ಭಜನೆ ನಡೆದೇ ಇತ್ತು. ಮರುದಿನದ ಬಿಸಿಲೂ ಏರಿತು.

"ಇನ್ನ ತಡಾ ಮಾಡಬ್ಯಾಡವಾ, ಹೆಣ ತಡಿಯೂದಿಲ್ಲ," ಅಂದರು ಮಠದ ಅಡಿವೆಯ್ಯನವರು.

"ಕುವೈತಿಂದ ಬೊಂಬಾಯಿಗೆ ವಿಮಾನದಾಗ ನಾಕ ತಾಸಿನ ಹಾದಿ ಅಂತ್ರಿ, ಅಯ್ನಾರ. ಹೊಂಟೇನಿ ಅಂತ ಮಗನ ತಾರು ಬಂದೈತಿ. ಅಂವಾ ಬರೂತನಕ ಯಾರರ ಮುಟ್ಟೀರಿ, ಜ್ವಾಕಿ!"

ಬೊಂಬಾಯಿಯಿಂದ ಹಳಿಯಾಳದ ಹಾದಿಯೇ ಉದ್ದವಾಯಿತು. ಪ್ರತಿ ಬಸ್ಸಿನ ಸದ್ದಿಗೂ ಅವಳು ಬಾಗಿಲಿಗೆ ಓಡಿದಳು. ತೋಡಿಟ್ಟ ಕುಣಿಯ ಮಣ್ಣು ಒಣಗಿತು. ಹೊತ್ತು ಇಳಿಯುವಾಗ ಮಗ ಬಂದ. ಅವಳು ನೆರೆದವರನ್ನೆಲ್ಲ ಗೆದ್ದವಳಂತೆ ನೋಡಿದಳು.

ಅಪ್ಪನ ಕಾಲಿಗೆ ಬಿದ್ದು ಎದ್ದ ಮಗ ಸುತ್ತಲೂ ನೋಡಿ ಕೇಳಿದ: "ಯವ್ವಾ, ನೀಲಾ ಎಲ್ಲಿ?"

ನೀಲಾ ಅವನ ಒಬ್ಬಳೇ ತಂಗಿ. ಕೊಟ್ಟಿದ್ದು ಮುಂಡಗೋಡಕ್ಕೆ, ಬಸ್ಸಿಗೆ ಎರಡೇ ತಾಸು. ಹತ್ತಿರದ ಊರು, ಯಾರಾದರೂ ಹೇಳಿ ಕಳಿಸಿರುತ್ತಾರೆ ಎಂದುಕೊಂಡು ಯಾರೂ ಕಳಿಸಿರಲಿಲ್ಲ.

ಬೈಯಲು ಶಿವಗಂಗವ್ವ ಬಾಯಿ ತೆರೆದಳು. ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.