ಬಾಯಿಯ ಒಂದು ಪಕ್ಕ ಉಳಿಸಿದ ಬಸವಣ್ಣ

ಕಳೆದ ಮಾಘದ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದಾಗ ನೀರು ಎಡಗಡೆಯಿಂದ ತಾನಾಗಿ ಸೋರಿ ಅಂಗಿಯ ಮೇಲೆ ಬಿತ್ತು. ಕನ್ನಡಿ ನೋಡಿದೆ. ನನ್ನ ಮುಖದ ಎಡಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಹೆಂಡತಿ ಗಿರಿಜಾಳನ್ನು ಕೂಗಬೇಕೆಂದರೆ ಅವಳ ಹೆಸರೂ ಸರಿಯಾಗಿ ಹೊರಡಲಿಲ್ಲ.

ನಾನು ಬನವಾಸಿಯವನು. ಶಿರಸಿಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಟ್ರಾಂಬೋನ್ ಊದುತ್ತೇನೆ. ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತ ಊದುವ ಹಿತ್ತಾಳೆಯ ವಾದ್ಯ ಅದು. ಆ ಕೊಳವೆಯಲ್ಲಿ ನಾದ ಹುಟ್ಟುವುದು ತುಟಿಗಳು ಬಿಗಿಯಾಗಿ ಕೂಡಿ ಕಂಪಿಸಿದಾಗ ಮಾತ್ರ. ತುಟಿ ಹೋದರೆ ನನ್ನ ಬದುಕೇ ಹೋದಂತೆ.

ಅದೇ ದಿನ ಬಸ್ಸು ಹಿಡಿದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಹುಬ್ಬು ಎತ್ತಲು ಹೇಳಿದರು, ಗಲ್ಲ ಉಬ್ಬಿಸಲು ಹೇಳಿದರು. ಗಾಳಿಯೆಲ್ಲ ಎಡಗಡೆಯಿಂದ ಸೋರಿಹೋಯಿತು.

"ಮುಖದ ನರ ಬಾತಿದೆ. ಬಹಳ ಜನರಿಗೆ ಸರಿಹೋಗ್ತದೆ. ಕೆಲವರಿಗೆ ಪೂರ್ತಿ ಬರೋದಿಲ್ಲ" ಎಂದರು.

"ನಾ ಊದಾಂವ್ರಿ ಸಾಹೇಬ್ರ" ಎಂದೆ. ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಮಾತ್ರೆ, ಕಣ್ಣಿಗೆ ಪಟ್ಟಿ, ಗಲ್ಲ ತಿಕ್ಕುವ ವ್ಯಾಯಾಮ ಎಲ್ಲ ಮಾಡಿದೆ. ಮೂರು ತಿಂಗಳಲ್ಲಿ ಮಾತು ಸ್ಪಷ್ಟವಾಯಿತು. ತುಟಿಗೆ ಬಿಗಿ ಬರಲಿಲ್ಲ. ಊಟಕ್ಕೆ ಕುಳಿತರೆ ಸಾರು ಸೋರುತ್ತಿತ್ತು. ಗಿರಿಜಾ ನೋಡದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು.

ನಮ್ಮ ಬ್ಯಾಂಡಿನ ಮಂಜಪ್ಪ ಮಾಸ್ತರು ಸಿದ್ದಾಪುರದವರು, ಕ್ಲಾರಿನೆಟ್ ನುಡಿಸುವವರು. ನನಗೆ ವಾದ್ಯ ಹಿಡಿಯಲು ಕಲಿಸಿದವರೇ ಅವರು. ಆಗ ಅವರು ನನ್ನನ್ನು ಬಿಡಲಿಲ್ಲ. "ಹನ್ನೆರಡು ಜನ ಅಂತ ಹೇಳಿ ಒಪ್ಕಂಡದ್ದು ಮಾರಾಯ. ನೀ ಬಾಯಿಗಿಟ್ಕಂಡು ನಡಿ ಸಾಕು" ಎಂದರು. ಹಾಗೆ ಮೆರವಣಿಗೆಗಳಲ್ಲಿ ಟ್ರಾಂಬೋನನ್ನು ತುಟಿಗೆ ಒತ್ತಿ, ಕೊಳವೆ ಎಳೆಯುತ್ತ, ಸದ್ದಿಲ್ಲದೆ ನಡೆದೆ. ಆ ನಾಚಿಕೆ ಹೇಗೆ ಬರೆಯಲಿ?

ಯಲ್ಲಾಪುರದ ಕಡೆ ನಂದೊಳ್ಳಿಯಲ್ಲಿ ಒಂದು ಮದುವೆ. ದಿಬ್ಬಣ ಸಾಗುವಾಗ ಹುಡುಗಿಯ ಕಡೆಯ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಸ್ವಲ್ಪ ದೂರ ನಡೆದರು. ಆಮೇಲೆ ಮಾಸ್ತರಿಗೆ, "ಇಂವ ಊದ್ತ್ನೇ ಇಲ್ಲೆ. ಬರೇ ಹಿಡ್ಕಂಡು ನಡೀತಿದ್ದ" ಎಂದರು.

ಎಂದೂ ಬಾಯಿಬಿಟ್ಟು ಸುಳ್ಳು ಹೇಳದ ಮಾಸ್ತರು, "ಊದ್ತಾನೆ ಹೆಗಡೇರೆ, ಮೆಲ್ಲಗೆ ಊದ್ತಾನೆ" ಎಂದರು.

ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ವಾದ್ಯವನ್ನು ನಿಲ್ದಾಣದ ಬೆಂಚಿನ ಮೇಲೆ ಬಿಟ್ಟುಹೋಗೋಣ ಎನಿಸಿತ್ತು. ಮನೆಗೆ ಬಂದು ಗಿರಿಜಾಳಿಗೆ, "ಇನ್ನ ಮುಗೀತು. ಇದನ್ನ ಗುಡಿಗೆ ಒಪ್ಪಿಸಿ ಬರ್ತೀನಿ" ಎಂದೆ. ಅವಳು ಅಳಲಿಲ್ಲ, ತಡೆಯಲೂ ಇಲ್ಲ.

ಮರುದಿನ ಸೋಮವಾರ. ನಮ್ಮ ಓಣಿಯ ಬಸವಣ್ಣನ ಗುಡಿಗೆ ಟ್ರಾಂಬೋನ್ ಹೊತ್ತು ಹೋದೆ. ಭಕ್ತಿಯಿಂದ ಹೋದೆ ಎಂದರೆ ತಪ್ಪಾಗುತ್ತದೆ. ಸಿಟ್ಟಿನಿಂದ ಹೋದೆ. ವಾದ್ಯವನ್ನು ನಂದಿಯ ಮುಂದಿಟ್ಟು, "ತುಟಿ ಕಸಗೊಂಡಿ, ಇದನ್ನೂ ನೀನ ಇಟ್ಕೊ" ಎಂದೆ.

ಪೂಜೆ ಮಾಡುವ ಅಯ್ಯನವರಿಗೆ ಎಂಬತ್ತರ ಹತ್ತಿರ ವಯಸ್ಸು. "ಇದನ್ನ ಇಟ್ಕೊಂಡು ಬಸವಣ್ಣ ಏನ್ ಮಾಡ್ಯಾನು?" ಎಂದರು. ಮಂಗಳಾರತಿಯ ಹೊತ್ತಾಗಿತ್ತು. ಶಂಖವನ್ನು ನನ್ನ ಕೈಗಿಟ್ಟು, "ನನಗ ಹಲ್ಲು ಹೋಗ್ಯಾವು, ಗಾಳಿ ನಿಲ್ಲವಲ್ಲದು. ಊದ್ರಿ" ಎಂದರು.

"ನನ್ನ ಬಾಯಿ ನೋಡ್ರಿ ಅಯ್ಯಾರ."

"ನೋಡೇನಿ. ಒಂದ್ ಕಡೆ ಚಲೋ ಐತಲ್ಲ."

ಆರತಿ ಎತ್ತಿಯಾಗಿತ್ತು. ನಾಲ್ಕು ಜನ ಕೈಮುಗಿದು ನಿಂತಿದ್ದರು. ಊದಿದೆ. ಬರೀ ಗಾಳಿ, ಎಂಜಲು. ಯಾರೂ ನಗಲಿಲ್ಲ. ಅಯ್ಯನವರು ಆರತಿ ಮುಗಿಸಿ, "ಮುಂದಿನ ಸೋಮವಾರ ಬರ್ರಿ. ನಿಮ್ಮ ಸಾಮಾನು ತಗೊಂಡ್ ಹೋಗ್ರಿ" ಎಂದರು.

ಏಕೆ ಮತ್ತೆ ಹೋದೆನೋ ತಿಳಿಯದು. ಎರಡನೆಯ ವಾರವೂ ಗಾಳಿ, ಮೂರನೆಯ ವಾರವೂ ಗಾಳಿ. ಐದನೆಯ ಸೋಮವಾರ ಸೋತು, ಶಂಖವನ್ನು ನಟ್ಟನಡುವೆ ಇಡುವುದನ್ನು ಬಿಟ್ಟು ಬಲಗಡೆಯ ಮೂಲೆಗೆ ಸರಿಸಿದೆ. ಎಡತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದೆ. ಕರು ಕೂಗಿದಂತೆ ಸಣ್ಣ ದನಿಯೊಂದು ಹೊರಟಿತು. ಒಂದೇ ಉಸಿರಿನಷ್ಟು. ಗುಡಿಯ ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಇಪ್ಪತ್ತನಾಲ್ಕು ವರ್ಷ ಊದಿದವನಿಗೆ ಬಾಯಿಯ ಮೂಲೆಯಿಂದಲೂ ನಾದ ಹೊರಡುತ್ತದೆ ಎಂದು ಹೊಳೆದಿರಲಿಲ್ಲ. ಹೊಳೆಯಿಸಿದವನು ಬಸವಣ್ಣನಲ್ಲದೆ ಇನ್ನಾರು?

ಮನೆಗೆ ಬಂದು ಟ್ರಾಂಬೋನನ್ನೂ ಬಲಮೂಲೆಗಿಟ್ಟೆ. ಮೊದಲ ವಾರ ಒಂದೇ ಸ್ವರ. ದಿನವೂ ಬೆಳಿಗ್ಗೆ ಅದೊಂದನ್ನೇ ಉದ್ದಕ್ಕೆ ಹಿಡಿಯುವುದು, ಎಲ್ಲಿ ಒಡೆಯುತ್ತದೆ ಎಂದು ಕಿವಿಗೊಡುವುದು. ಮೇಲಿನ ಸ್ವರಗಳು ಬರಲಿಲ್ಲ, ಇಂದಿಗೂ ಬಂದಿಲ್ಲ. ಕೆಳಗಿನವು ಒಂದೊಂದಾಗಿ ಬಂದವು.

ಅಷ್ಟರಲ್ಲಿ ಮಾಸ್ತರು ಹಾಸಿಗೆ ಹಿಡಿದಿದ್ದರು. ಶ್ವಾಸಕೋಶದ ಕಾಯಿಲೆ. ಸಿದ್ದಾಪುರಕ್ಕೆ ಹೋಗಿ ಅವರ ಮಂಚದ ಪಕ್ಕ ಕುಳಿತು, ಮದುವೆಗಳಲ್ಲಿ ಎಂದೂ ಊದದ ಒಂದು ನಿಧಾನದ ಭಜನೆ ಊದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ದನಿ ಸಣ್ಣ ಆಗ್ಯದೆ" ಎಂದರು. ಬಹಳ ಹೊತ್ತು ಕೆಮ್ಮಿದರು. "ಆದ್ರೆ ಇಷ್ಟು ವರ್ಷ ನೀ ಬರೀ ಜೋರು ಊದ್ತಿದ್ದೆ ಮಾರಾಯ. ಈಗ ಕೇಳ್ಕಂಡು ಊದ್ತೆ. ನಾ ಕಲ್ಸೂಕೆ ಆಗದೇ ಇದ್ದದ್ದು ಇದೇ."

ಮಾಸ್ತರನ್ನು ಉಳಿಸು ಎಂದು ಆ ಸೋಮವಾರ, ಅದರ ಮರುಸೋಮವಾರ ಬೇಡಿಕೊಂಡೆ. ಉಳಿಯಲಿಲ್ಲ. ಅವರ ಕೊನೆಯ ಮೆರವಣಿಗೆಯಲ್ಲಿ ಉಳಿದ ಹತ್ತು ಜನ ನನ್ನ ಹಿಂದೆ ನುಡಿಸಿದರು. ನಾನು ಮುಂದೆ ನಡೆದೆ. ಆ ದಿನ ಕೆಳಸ್ವರ ಒಮ್ಮೆಯೂ ಒಡೆಯಲಿಲ್ಲ. ಊರವರು ಬಾಗಿಲಿಗೆ ಬಂದು ನಿಂತು ಕೇಳಿದರು. ಈಗ ಯಲ್ಲಾಪುರದಿಂದಲೂ ಸಿದ್ದಾಪುರದಿಂದಲೂ ಜನ ಸಾವಿನ ಮನೆಗೆ ನನ್ನನ್ನೇ ಕರೆಯುತ್ತಾರೆ. ಹೋಗಿ ಊದಿ ಬರುತ್ತೇನೆ. ಮದುವೆಗಳಿಗೂ ಹೋಗುತ್ತೇನೆ, ನಡುವಿನ ಸಾಲಿನಲ್ಲಿ ಕೆಳದನಿ ಹಿಡಿಯುತ್ತೇನೆ. ಐವತ್ತರ ಹತ್ತಿರ ಬಂದು ಸ್ವರಲಿಪಿ ಓದಲು ಕಲಿಯುತ್ತಿದ್ದೇನೆ.

ಇದನ್ನು ಓದುವ ಶರಣ ಬಂಧುಗಳೇ, ಕೇಳಿದ್ದೆಲ್ಲ ಸಿಕ್ಕಿತು ಎಂದು ಬರೆದರೆ ಸುಳ್ಳಾದೀತು. ಮುಖ ಮೊದಲಿನಂತಾಗಲಿಲ್ಲ, ಗುರುವೂ ಹೋದರು. ಆದರೂ ಹಿಂದೆಂದಿಗಿಂತ ಗಟ್ಟಿಯಾಗಿ ನಂಬಿದ್ದೇನೆ. ನಾನು ಸಿಟ್ಟಿನಲ್ಲಿ ಎಸೆಯಲು ಹೋದದ್ದನ್ನು ಬಸವಣ್ಣ ಇಟ್ಟುಕೊಳ್ಳಲಿಲ್ಲ, ಹಿಂದಕ್ಕೆ ಕೊಟ್ಟ. ಆ ಉಪಕಾರಕ್ಕೆ ಈ ಅಕ್ಷರಗಳು ಸಾಲವು. ಉಸಿರಿರುವಷ್ಟು ದಿನ ಊದುತ್ತೇನೆ.